ಮೊದಲು ನಿದ್ದೆ ಕೊಡಿ

2020ರ ಮೊದಲ ತಿಂಗಳುಗಳು. ಚೀನಾದ ಹುನಾನ್ ಪ್ರಾಂತ್ಯದ ಚಾಂಗ್ಶಾ ನಗರದಲ್ಲಿರುವ ಸೆಕೆಂಡ್ ಶಿಯಾಂಗ್ಯಾ ಎಂಬ ದೊಡ್ಡ ಆಸ್ಪತ್ರೆ ತನ್ನ ಸಿಬ್ಬಂದಿಗಾಗಿ ಒಂದು ಒಳ್ಳೆಯ ಯೋಜನೆ ಮಾಡಿತು. ಕೊರೊನಾ ರೋಗಿಗಳನ್ನು ನೋಡಿಕೊಳ್ಳುವ ವೈದ್ಯರು, ನರ್ಸ್‌ಗಳು ಮಾನಸಿಕವಾಗಿ ಕುಸಿಯಬಾರದೆಂದು ಮನಶ್ಶಾಸ್ತ್ರಜ್ಞರ ತಂಡ ಕಟ್ಟಿತು. ಆನ್‌ಲೈನ್ ತರಗತಿ, ಸಹಾಯವಾಣಿ, ಮನಸ್ಸು ಹಗುರಾಗಲೆಂದು ಗುಂಪು ಚಟುವಟಿಕೆ, ಎಲ್ಲವೂ ಇದ್ದವು. ಬರಬೇಕಾದವರು ಮಾತ್ರ ಬರಲಿಲ್ಲ. ನರ್ಸ್‌ಗಳು ಸಣ್ಣದಕ್ಕೂ ರೇಗುತ್ತಿದ್ದರು, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ ಎಂದರೆ ಒಲ್ಲೆ ಎನ್ನುತ್ತಿದ್ದರು. ಒಳಗೊಳಗೇ ಬೇಯುತ್ತಿದ್ದಾರೆಂದು ನೋಡಿದವರಿಗೆ ತಿಳಿಯುತ್ತಿತ್ತು. ಆದರೂ ಸಲಹೆಗಾರರ ಬಳಿ ಹೋಗಲು ಅವರು ಒಪ್ಪಲಿಲ್ಲ.

ಯಾಕೆ ಹೀಗೆ ಎಂದು ತಿಳಿಯಲು ತಂಡದವರು 13 ಜನ ಸಿಬ್ಬಂದಿಯನ್ನು ಅರ್ಧರ್ಧ ಗಂಟೆ ಮಾತನಾಡಿಸಿದರು. ಕೆಲಸಕ್ಕೆ ಇಳಿದ ಮೇಲೆ ತಮಗೆ ಸೋಂಕು ತಗಲೀತೆಂಬ ಹೆದರಿಕೆ ಅವರನ್ನು ಅಷ್ಟಾಗಿ ಕಾಡುತ್ತಿರಲಿಲ್ಲ. ಕಾಡುತ್ತಿದ್ದದ್ದು ಮನೆಗೆ ಕಾಯಿಲೆ ಹೊತ್ತುಕೊಂಡು ಹೋದೇವೆಂಬ ಭಯ, ತಮಗಾಗಿ ಮನೆಯವರು ಕೊರಗುತ್ತಾರಲ್ಲ ಎಂಬ ಚಿಂತೆ. ದಿಗಿಲಿನಿಂದ ಚಿಕಿತ್ಸೆಗೇ ಸಹಕರಿಸದ ರೋಗಿಗಳನ್ನು ಹೇಗೆ ಸಂಭಾಳಿಸಬೇಕೆಂದು ಗೊತ್ತಾಗುತ್ತಿರಲಿಲ್ಲ. ರಕ್ಷಣಾ ಸಾಮಗ್ರಿ ಮುಗಿದುಹೋದರೆ ಏನು ಗತಿ ಎಂಬ ಆತಂಕ ಬೇರೆ. ನಮಗೆ ಮನಶ್ಶಾಸ್ತ್ರಜ್ಞರು ಬೇಡ, ಅಡ್ಡಿಯಿಲ್ಲದ ವಿಶ್ರಾಂತಿ ಬೇಕು, ಸಾಕಷ್ಟು ರಕ್ಷಣಾ ಸಾಮಗ್ರಿ ಬೇಕು ಎಂದು ಹಲವರು ನೇರವಾಗಿಯೇ ಹೇಳಿದರು.

ಆಸ್ಪತ್ರೆ ಆ ಮಾತು ಕೇಳಿತು. ಮನೆಯಿಂದ ದೂರವೇ ಉಳಿದು ಮಲಗಲು ಒಂದು ಜಾಗ ಮಾಡಿಕೊಟ್ಟಿತು, ಊಟದ ಹೊಣೆ ಹೊತ್ತಿತು. ದಿನಚರಿಯನ್ನು ವಿಡಿಯೊ ಮಾಡಿ ಮನೆಯವರಿಗೆ ಕಳಿಸಲು ನೆರವಾಯಿತು. ಗಾಬರಿಗೊಂಡ ರೋಗಿಗಳೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಕೆಲಸಕ್ಕೆ ಹಾಕುವ ಮುಂಚೆಯೇ ತರಬೇತಿ ಕೊಟ್ಟಿತು. ಕಾವಲು ಸಿಬ್ಬಂದಿಯನ್ನೂ ಒದಗಿಸಿತು. ಸಲಹೆಗಾರರು ತಮ್ಮ ಕೊಠಡಿ ಬಿಟ್ಟು ಸಿಬ್ಬಂದಿಯ ವಿಶ್ರಾಂತಿ ಜಾಗಕ್ಕೇ ಹೋಗಿ ಕೂತು, ಅವರು ಹೇಳಿದ್ದನ್ನು ಕೇಳತೊಡಗಿದರು. ಅದೇ ವರ್ಷ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಬಂದ ಈ ಪುಟ್ಟ ವರದಿ, ಸಾಂಕ್ರಾಮಿಕದ ಕಾಲದಲ್ಲಿ ಈ ವಿಷಯದ ಮೇಲೆ ಬಂದ ರಾಶಿ ರಾಶಿ ಬರಹಗಳ ನಡುವೆ ಎದ್ದು ಕಾಣುತ್ತದೆ. ಆಸ್ಪತ್ರೆ ಸಿಬ್ಬಂದಿಯ ಒತ್ತಡವನ್ನು ಹುಡುಕಬೇಕಾದ ಮೊದಲ ಜಾಗ ಅವರ ತಲೆಯಲ್ಲ, ಅವರ ಡ್ಯೂಟಿ ಪಟ್ಟಿ ಎಂದು ಅದು ತೋರಿಸಿತು.

ಆ ಡ್ಯೂಟಿ ಹೇಗಿತ್ತೆಂಬುದು ಹೊರಗಿದ್ದವರ ಅಂದಾಜಿಗೆ ಸಿಗುವುದು ಕಷ್ಟ. ಪಿಪಿಇ ಕಿಟ್ ತೊಡುವ ಮೊದಲು ನೀರು ಕುಡಿಯಲು ಹಿಂಜರಿಕೆ. ಒಮ್ಮೆ ತೊಟ್ಟರೆ ಪಾಳಿ ಮುಗಿಯುವವರೆಗೆ ಶೌಚಾಲಯಕ್ಕೆ ಹೋಗುವಂತಿಲ್ಲ. ಕಿಟ್ ಬಿಚ್ಚಿದರೆ ಅದು ಕಸದ ಡಬ್ಬಿಗೆ, ಮತ್ತೊಂದು ಸಿಗುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಎಷ್ಟೋ ಮಂದಿ ಡೈಪರ್ ಹಾಕಿಕೊಂಡು ಕೆಲಸ ಮಾಡಿದರು. ತಿಂಗಳ ಮುಟ್ಟಿನ ದಿನಗಳಲ್ಲಿ ನರ್ಸ್‌ಗಳ ಪಾಡು ಹೇಳತೀರದು. ನಮ್ಮಲ್ಲಂತೂ ಏಪ್ರಿಲ್‌ನ ಸೆಕೆ, ಏಸಿ ಇಲ್ಲದ ವಾರ್ಡ್, ಗಾಳಿಯಾಡದ ಗೌನು. ಕನ್ನಡಕದ ಒಳಗೆ ಉಸಿರಿನ ಹಬೆ ಕಟ್ಟಿ ಕಣ್ಣು ಮಂಜು. ಅಂಥದ್ದರಲ್ಲಿ ಎರಡು ಜೊತೆ ಗ್ಲೌಸ್ ಹಾಕಿದ ಬೆರಳಿನಿಂದ ರಕ್ತನಾಳ ಹುಡುಕಿ ಸೂಜಿ ಚುಚ್ಚಬೇಕು. ಯಾರು ಯಾರೆಂದು ಗುರುತು ಸಿಗದೆ ಬೆನ್ನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಪಾಳಿ ಮುಗಿದ ಮೇಲೆ ಎಲ್ಲಕ್ಕಿಂತ ನಾಜೂಕಿನ ಕೆಲಸ ಕಿಟ್ ಕಳಚುವುದು. ಯಾವುದನ್ನು ಮೊದಲು ತೆಗೆಯಬೇಕು, ಯಾವುದನ್ನು ಕೊನೆಗೆ, ನಡುನಡುವೆ ಎಲ್ಲಿ ಕೈ ತೊಳೆಯಬೇಕು ಎಂಬುದಕ್ಕೆಲ್ಲ ಕ್ರಮವಿದೆ. ಮೈ ಸೋತು, ನಿದ್ದೆ ಎಳೆಯುವ ಹೊತ್ತಿನಲ್ಲೇ ಆ ಕ್ರಮ ತಪ್ಪುವ ಸಂಭವ ಹೆಚ್ಚು. ಮನೆ ತಲುಪಿದ ಮೇಲೂ, ಎಲ್ಲಿ ತಪ್ಪಿತೋ ಎಂದು ಮನಸ್ಸು ಆ ಹತ್ತು ನಿಮಿಷಗಳನ್ನೇ ಮತ್ತೆ ಮತ್ತೆ ಕೆದಕುತ್ತಿತ್ತು.

ಈ ಸಂಕಟವನ್ನು ಅಂಕಿಗಳಲ್ಲಿ ಅಳೆಯುವ ಪ್ರಯತ್ನ ಬೇಗನೆ ಶುರುವಾಯಿತು. 2020ರ ಜನವರಿ ಕೊನೆ ಮತ್ತು ಫೆಬ್ರುವರಿ ಆರಂಭದಲ್ಲಿ ಚೀನಾದ 34 ಆಸ್ಪತ್ರೆಗಳ 1,257 ವೈದ್ಯರು ಮತ್ತು ನರ್ಸ್‌ಗಳಿಗೆ ಪ್ರಶ್ನಾವಳಿ ಕೊಟ್ಟರು. ಅರ್ಧದಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣ, ಶೇ 44ಕ್ಕೂ ಹೆಚ್ಚು ಮಂದಿಯಲ್ಲಿ ಆತಂಕ, ಮೂವರಲ್ಲೊಬ್ಬರಿಗೆ ನಿದ್ರಾಹೀನತೆ. ನರ್ಸ್‌ಗಳು, ಮಹಿಳೆಯರು, ವುಹಾನ್‌ನಲ್ಲಿ ದುಡಿಯುತ್ತಿದ್ದವರು, ರೋಗಿಯ ಮೈಮುಟ್ಟಿ ಆರೈಕೆ ಮಾಡುತ್ತಿದ್ದವರು ಹೆಚ್ಚು ಬಳಲಿದ್ದರು. ರೋಗಿಯ ಹಾಸಿಗೆಗೆ ಹತ್ತಿರವಾದಷ್ಟೂ ನೋವು ಹೆಚ್ಚು ಎಂದಾಯಿತು.

ಜಗತ್ತಿಗೆ ಇದು ಮೊದಲ ಪಾಠವೇನೂ ಆಗಿರಲಿಲ್ಲ. 2003ರಲ್ಲಿ ಸಾರ್ಸ್ ಕಾಯಿಲೆ ಕೆನಡಾದ ಟೊರಾಂಟೊ ನಗರಕ್ಕೆ ಬಂದಾಗ ಹರಡಿದ್ದು ಹೆಚ್ಚಾಗಿ ಆಸ್ಪತ್ರೆಗಳ ಒಳಗೇ. ಸತ್ತವರು 44 ಜನ. ಕಾಯಿಲೆ ಬಿದ್ದವರಲ್ಲಿ ಶೇ 40ಕ್ಕೂ ಹೆಚ್ಚು ಆಸ್ಪತ್ರೆಯ ನೌಕರರೇ. ಇಬ್ಬರು ನರ್ಸ್‌ಗಳು, ಒಬ್ಬ ವೈದ್ಯ ಪ್ರಾಣ ಬಿಟ್ಟರು. ಮೇ ತಿಂಗಳಲ್ಲಿ ಕಾಯಿಲೆ ಮುಗಿಯಿತೆಂದು ಮುನ್ನೆಚ್ಚರಿಕೆ ಸಡಿಲಿಸಿದ ಹೊತ್ತಿನಲ್ಲಿ, ವಾರ್ಡಿನಲ್ಲಿ ಮತ್ತೆ ಅದೇ ಲಕ್ಷಣ ಕಾಣುತ್ತಿದೆ ಎಂದು ನರ್ಸ್‌ಗಳು ಎಚ್ಚರಿಸಿದ್ದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ, ಎರಡನೇ ಅಲೆ ಎದ್ದಿತು. ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಅವರ ಆಯೋಗದ ವರದಿಯಲ್ಲಿ ಇದೆಲ್ಲ ದಾಖಲಾಗಿದೆ. ತಾನು ಕಣ್ಣಾರೆ ಕಂಡದ್ದನ್ನು ಹೇಳಿದರೂ ಮೇಲಿನವರು ಕಿವಿಗೆ ಹಾಕಿಕೊಳ್ಳದಿದ್ದಾಗ ಹುಟ್ಟುವ ಸಿಟ್ಟು, ಸೋಂಕಿನ ಭಯದಷ್ಟೇ ಮನಸ್ಸನ್ನು ತಿನ್ನುತ್ತದೆ.

ಟೊರಾಂಟೊದ ಮೌಂಟ್ ಸಿನಾಯ್ ಆಸ್ಪತ್ರೆಯ ಮನೋವೈದ್ಯ ರಾಬರ್ಟ್ ಮಾಂಡರ್ ಮತ್ತು ಸಂಗಡಿಗರು ಕಾಯಿಲೆ ಹೋದ ಮೇಲೂ ಸುಮ್ಮನಾಗಲಿಲ್ಲ. ವರ್ಷದಿಂದ ಎರಡು ವರ್ಷ ಕಳೆದ ಮೇಲೆ 13 ಆಸ್ಪತ್ರೆಗಳ 769 ಸಿಬ್ಬಂದಿಯನ್ನು ವಿಚಾರಿಸಿದರು. ಸಾರ್ಸ್ ರೋಗಿಗಳನ್ನು ನೋಡಿಕೊಂಡ ಆಸ್ಪತ್ರೆಗಳಲ್ಲಿ ಸುಮಾರು ಶೇ 45 ಮಂದಿ ಇನ್ನೂ ಮಾನಸಿಕ ಸಂಕಟದಲ್ಲಿದ್ದರು. ಸಾರ್ಸ್ ಕಾಣದ ಆಸ್ಪತ್ರೆಗಳಲ್ಲಿ ಅದು ಸುಮಾರು ಶೇ 30. ಕೆಲವರು ಕೆಲಸದ ಗಂಟೆ ಕಡಿಮೆ ಮಾಡಿಕೊಂಡಿದ್ದರು, ಕೆಲವರು ರೋಗಿಗಳ ಹತ್ತಿರ ಹೋಗುವುದನ್ನೇ ತಗ್ಗಿಸಿದ್ದರು. ತಮಗೆ ಸರಿಯಾದ ತರಬೇತಿ, ರಕ್ಷಣೆ, ಬೆಂಬಲ ಸಿಕ್ಕಿತ್ತು ಎಂದವರಲ್ಲಿ ಈ ಬಾಧೆ ಕಡಿಮೆಯಿತ್ತು. ಕೋವಿಡ್‌ಗೂ ಹಲವು ವರ್ಷ ಮೊದಲೇ ಈ ತಿಳಿವಳಿಕೆ ಕೈಗೆ ಸಿಕ್ಕಿತ್ತು. ಹಲವು ದೇಶಗಳು ಅದನ್ನು ಬದಿಗಿಟ್ಟು ಮರೆತವು. ಇದು ಕ್ಷಮಿಸಬಹುದಾದ ಮರೆವಲ್ಲ.

ದಣಿವು, ಭಯ ಇವೆರಡರ ಆಚೆಗೆ ಇನ್ನೊಂದು ನೋವಿದೆ. ಇರುವುದು ಒಂದು ವೆಂಟಿಲೇಟರ್, ಬೇಕಾದವರು ಮೂವರು. ಯಾರಿಗೆ ಕೊಡಬೇಕು? 2020ರ ಮಾರ್ಚ್‌ನಲ್ಲಿ ಇಟಲಿಯ ಅರಿವಳಿಕೆ ಮತ್ತು ತೀವ್ರನಿಗಾ ತಜ್ಞರ ಸಂಘ ಇದಕ್ಕೊಂದು ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಕೈಲಾದದ್ದನ್ನೆಲ್ಲ ಮಾಡುವುದೇ ಧರ್ಮ ಎಂದು ಕಲಿತುಬಂದವರು, ಮಾಡಲಾಗದೆ ನಿಂತು ನೋಡಬೇಕಾದಾಗ ಅಂತಃಕರಣಕ್ಕೆ ಬೀಳುವ ಪೆಟ್ಟು ಇದು. ಅಮೆರಿಕದ ಮನೋವೈದ್ಯ ಜೊನಾಥನ್ ಶೇ ಇದನ್ನು ಮೊದಲು ವಿವರಿಸಿದ್ದು ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಲ್ಲಿ. ನೀವು ಇಂಥ ಇಕ್ಕಟ್ಟಿಗೆ ಸಿಲುಕಬಹುದೆಂದು ಸಿಬ್ಬಂದಿಗೆ ಮುಂಚೆಯೇ ಬಿಚ್ಚಿ ಹೇಳಿ, ಹುಸಿ ಧೈರ್ಯ ತುಂಬಬೇಡಿ ಎಂದು ಲಂಡನ್ನಿನ ನೀಲ್ ಗ್ರೀನ್‌ಬರ್ಗ್ ಮತ್ತಿತರ ತಜ್ಞರು 2020ರ ಮಾರ್ಚ್‌ನಲ್ಲೇ ಬರೆದರು.

ಕರ್ನಾಟಕಕ್ಕೆ ಆ ಇಕ್ಕಟ್ಟು ಬಂದದ್ದು 2021ರ ಬೇಸಿಗೆಯಲ್ಲಿ. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ. 24 ಗಂಟೆಗಳ ಅವಧಿಯಲ್ಲಿ 24 ರೋಗಿಗಳು ಸತ್ತ ಸುದ್ದಿ ನಾಡನ್ನೇ ನಡುಗಿಸಿತು. ಸಿಲಿಂಡರ್ ಯಾವ ಜಿಲ್ಲೆಯಿಂದ ಬರಬೇಕಿತ್ತು, ಯಾರು ತಡೆದರು, ಸತ್ತವರು ಎಷ್ಟು ಎಂಬ ವಾದ ವಿವಾದಗಳು ತಿಂಗಳುಗಟ್ಟಲೆ ನಡೆದವು. ಪ್ರಾಣ ಕಳೆದುಕೊಂಡವರ ಮನೆಯವರಿಗೆ ಉತ್ತರ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದೇ ಗದ್ದಲದಲ್ಲಿ, ಅಂಥ ರಾತ್ರಿಯೊಂದನ್ನು ವಾರ್ಡಿನ ಒಳಗೆ ಕಳೆದು ಮರುದಿನ ಮತ್ತೆ ಅದೇ ವಾರ್ಡಿಗೆ ಹೋಗಬೇಕಾದ ನರ್ಸ್‌ಗಳ, ಡಿ ಗ್ರೂಪ್ ನೌಕರರ ಪಾಡೇನು ಎಂಬ ಪ್ರಶ್ನೆಯನ್ನೂ ಎತ್ತಬೇಕಿತ್ತು.

ವೈದ್ಯರಿಗೆ ಮನಸ್ಸಿನ ನೋವು ಹೇಳಿಕೊಳ್ಳಲು ಮತ್ತೊಂದು ಅಡ್ಡಿಯಿದೆ. ಲೋರ್ನಾ ಬ್ರೀನ್ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥೆ. 2020ರ ಮಾರ್ಚ್‌ನಲ್ಲಿ ಅವರಿಗೇ ಕೋವಿಡ್ ಬಂತು. ಚೇತರಿಸಿಕೊಳ್ಳುತ್ತಿದ್ದಂತೆ ರೋಗಿಗಳು ಕಾರಿಡಾರಿನಲ್ಲೂ ತುಂಬಿದ್ದ ಆ ವಿಭಾಗಕ್ಕೆ ಮರಳಿದರು. ಏಪ್ರಿಲ್ 26ರಂದು, 49ನೇ ವಯಸ್ಸಿನಲ್ಲಿ, ಅವರು ಆತ್ಮಹತ್ಯೆ ಮಾಡಿಕೊಂಡರು. ಮಾನಸಿಕ ಚಿಕಿತ್ಸೆ ಪಡೆದದ್ದು ಗೊತ್ತಾದರೆ ವೈದ್ಯಕೀಯ ಪರವಾನಗಿಗೆ ಕುತ್ತು ಬಂದೀತು ಎಂದು ಆಕೆ ಹೆದರಿದ್ದರೆಂದು ಮನೆಯವರು ಹೇಳಿದರು. ಆ ಹೆದರಿಕೆ ನಿರಾಧಾರವೇನಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಪರವಾನಗಿ ಅರ್ಜಿಗಳು ಮಾನಸಿಕ ಚಿಕಿತ್ಸೆಯ ಬಗ್ಗೆ ಪ್ರಶ್ನೆ ಕೇಳುತ್ತಿದ್ದವು. ಕುಟುಂಬ ಹಟ ಹಿಡಿದು ನಡೆಸಿದ ಪ್ರಯತ್ನದಿಂದ ಆಕೆಯ ಹೆಸರಿನಲ್ಲೇ ಒಂದು ಕಾನೂನಾಗಿ, 2022ರ ಮಾರ್ಚ್ 18ರಂದು ಅಧ್ಯಕ್ಷ ಬೈಡನ್ ಅದಕ್ಕೆ ಸಹಿ ಹಾಕಿದರು. ಆರೋಗ್ಯ ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆ ಹಣ ಒದಗಿಸುವ ಕಾನೂನು ಅದು.

ನಮ್ಮಲ್ಲಿ 2020ರ ಆಗಸ್ಟ್‌ನಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ತಮ್ಮ ಜೀವ ಕಳೆದುಕೊಂಡಾಗ ಮೈಸೂರು ಜಿಲ್ಲೆಯ ಸರ್ಕಾರಿ ವೈದ್ಯರು ಬೀದಿಗಿಳಿದರು. ತಿಂಗಳುಗಟ್ಟಲೆ ಬಿಡುವಿಲ್ಲದ ಕೆಲಸ, ಪರೀಕ್ಷೆಗಳ ಗುರಿ ಮುಟ್ಟುವ ಒತ್ತಡ ತಮ್ಮೆಲ್ಲರ ಕತ್ತು ಹಿಸುಕುತ್ತಿದೆ ಎಂಬುದು ಅವರ ಅಳಲಾಗಿತ್ತು. ಆತ್ಮಹತ್ಯೆಗೆ ಒಂದೇ ಕಾರಣ ಹುಡುಕುವುದು ಸರಿಯಲ್ಲ, ತಜ್ಞರು ಅದನ್ನು ಒಪ್ಪುವುದೂ ಇಲ್ಲ. ಆದರೆ ತಾಲ್ಲೂಕು ಆರೋಗ್ಯಾಧಿಕಾರಿಯ ಹುದ್ದೆ ಎಂಥದ್ದೆಂಬುದನ್ನು ನೋಡಬೇಕು. ಮೇಲಿನಿಂದ ದಿನಕ್ಕೆ ಇಷ್ಟು ಮಾದರಿ ಸಂಗ್ರಹವಾಗಲೇಬೇಕೆಂಬ ಆದೇಶ. ಕೆಳಗೆ ಕಿಟ್ ಇಲ್ಲ, ವಾಹನವಿಲ್ಲ, ಲ್ಯಾಬ್ ಟೆಕ್ನಿಷಿಯನ್‌ಗೇ ಪಾಸಿಟಿವ್. ಬೈಗುಳವೆಲ್ಲ ನಡುವೆ ನಿಂತವರ ಪಾಲಿಗೆ.

ಹೊರಗಿನ ಸಮಾಜ ಆರೋಗ್ಯ ಸಿಬ್ಬಂದಿಯನ್ನು ನಡೆಸಿಕೊಂಡ ಬಗೆಯೂ ವಿಚಿತ್ರ. 2020ರ ಮಾರ್ಚ್ 22ರ ಸಂಜೆ ದೇಶವೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿತು, ತಟ್ಟೆ ಬಡಿಯಿತು. ತಿಂಗಳು ತುಂಬುವ ಮೊದಲೇ, ಏಪ್ರಿಲ್ 19ರಂದು, ಚೆನ್ನೈನ ನರರೋಗ ಶಸ್ತ್ರವೈದ್ಯ ಸೈಮನ್ ಹರ್ಕ್ಯುಲಿಸ್ ಕೋವಿಡ್‌ನಿಂದ ತೀರಿಕೊಂಡರು. ಅವರ ಶವವನ್ನು ಹೂಳಲು ಹೋದವರ ಮೇಲೆ ಗುಂಪೊಂದು ಕಲ್ಲು, ದೊಣ್ಣೆಗಳಿಂದ ದಾಳಿ ಮಾಡಿತು, ಆಂಬುಲೆನ್ಸ್ ಜಖಂಗೊಂಡಿತು. ಕೊನೆಗೆ ಅವರ ವೈದ್ಯ ಮಿತ್ರರೊಬ್ಬರೇ ನಡುರಾತ್ರಿ ಪೊಲೀಸ್ ಕಾವಲಿನಲ್ಲಿ ಗುಂಡಿಗೆ ಮಣ್ಣೆಳೆದು ಅಂತ್ಯಸಂಸ್ಕಾರ ಮುಗಿಸಿದರು. ಅದೇ 19ರಂದು ಬೆಂಗಳೂರಿನ ಪಾದರಾಯನಪುರದಲ್ಲಿ ಜನರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಹೋದ ಸಿಬ್ಬಂದಿ ಗಲಭೆಗೆ ಸಿಕ್ಕಿಕೊಂಡರು. ಮೂರೇ ದಿನಕ್ಕೆ, ಏಪ್ರಿಲ್ 22ರಂದು, ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದಿತು. ಆರೋಗ್ಯ ಸಿಬ್ಬಂದಿಗೆ ತೀವ್ರ ಗಾಯ ಮಾಡಿದರೆ 7 ವರ್ಷದವರೆಗೆ ಜೈಲು ಎಂದಾಯಿತು. ಹೊಡೆದವರನ್ನು ಹಿಡಿಯಲು ಕಾನೂನಿದೆ. ನೀರು ಹಿಡಿಯಲು ಬಂದರೆ ದೂರ ಸರಿದ ನೆರೆಯವರಿಗೆ ಯಾವ ಕಾನೂನು? ಇದು ಕೋವಿಡ್‌ನೊಂದಿಗೇ ಹುಟ್ಟಿದ್ದೂ ಅಲ್ಲ. 2018ರಲ್ಲಿ ಕೇರಳದ ಪೇರಾಂಬ್ರದಲ್ಲಿ ನಿಫಾ ರೋಗಿಯ ಆರೈಕೆ ಮಾಡುತ್ತಲೇ ಸೋಂಕು ತಗಲಿ ನರ್ಸ್ ಲಿನಿ ಪುದುಶ್ಶೇರಿ ಸತ್ತರು. ಇಡೀ ನಾಡು ಅವರಿಗಾಗಿ ಕಣ್ಣೀರಿಟ್ಟಿತು. ಅದೇ ಆಸ್ಪತ್ರೆಯ ಉಳಿದ ನರ್ಸ್‌ಗಳು ಬಸ್ ಹತ್ತಿದರೆ ಮಾತ್ರ ಜನ ದೂರ ಸರಿಯುತ್ತಿದ್ದರು.

ಒತ್ತಡದ ಮಾತು ಬಂದಾಗೆಲ್ಲ ಕಣ್ಣಮುಂದೆ ಬರುವುದು ಐಸಿಯು ವೈದ್ಯರ ಚಿತ್ರ. ಆಶಾ ಕಾರ್ಯಕರ್ತೆಯರ ಚಿತ್ರ ಬರುವುದು ಅಪರೂಪ. ಕರ್ನಾಟಕದಲ್ಲಿ ಅವರು ಸುಮಾರು 42 ಸಾವಿರ ಮಂದಿ. ಲಾಕ್‌ಡೌನ್ ಆದಾಗ ಬೆಂಗಳೂರು, ಮುಂಬೈಗಳಿಂದ ಊರಿಗೆ ಬಂದವರ ಲೆಕ್ಕ ಹಿಡಿದದ್ದು ಅವರೇ. ಕೈಯಲ್ಲೊಂದು ಪುಸ್ತಕ, ಮುಖಕ್ಕೊಂದು ಬಟ್ಟೆಯ ಮಾಸ್ಕ್. ಮನೆ ಮನೆಗೆ ಹೋಗಿ, ಕೆಮ್ಮಿದೆಯೇ, ಜ್ವರವಿದೆಯೇ, ಯಾರಾದರೂ ಹೊಸಬರು ಬಂದಿದ್ದಾರೆಯೇ ಎಂದು ಕೇಳಬೇಕು. ಕೈಗೆ ಕ್ವಾರಂಟೈನ್ ಮುದ್ರೆ ಬಿದ್ದವರು ಹೊರಗೆ ತಿರುಗಿದರೆ ವರದಿ ಮಾಡಬೇಕು. ಇವಳಿಗೇಕೆ ಇಲ್ಲದ ಉಸಾಬರಿ, ಇವಳಿಂದಲೇ ನಮ್ಮ ಮನೆಗೆ ಪೊಲೀಸರು ಬಂದರು ಎಂಬ ಮಾತು. ಆಶಾ ಅದೇ ಊರಿನ ಸೊಸೆ, ಅದೇ ಬೀದಿಯಲ್ಲಿ ಬಾಳಬೇಕಾದವಳು. ವೈದ್ಯರು ಪಾಳಿ ಮುಗಿಸಿ ಆಸ್ಪತ್ರೆಯಿಂದ ಹೊರಡಬಹುದು, ಆಶಾಗೆ ಊರೇ ವಾರ್ಡ್. ಬಾಣಂತಿಯರ ಮನೆಗೆ ಹೋಗುವುದು, ಮಕ್ಕಳ ಲಸಿಕೆ, ಇವು ಯಾವುವೂ ನಿಲ್ಲಲಿಲ್ಲ. ಅವೆಲ್ಲದರ ಮೇಲೆ ಕೋವಿಡ್ ಕೆಲಸ ಬಂದು ಕೂತಿತು.

ಇದಕ್ಕೆಲ್ಲ ಕೇಂದ್ರ ಕೊಟ್ಟ ಹೆಚ್ಚುವರಿ ಪ್ರೋತ್ಸಾಹಧನ ತಿಂಗಳಿಗೆ ಸಾವಿರ ರೂಪಾಯಿ. 2020ರ ಜುಲೈ 10ರಿಂದ ಕರ್ನಾಟಕದ ಆಶಾಗಳು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ತಿಂಗಳಿಗೆ 12 ಸಾವಿರ ರೂಪಾಯಿ ಖಚಿತ ಗೌರವಧನ, ಸಾಕಷ್ಟು ಮಾಸ್ಕ್, ಗ್ಲೌಸ್, ಸ್ಯಾನಿಟೈಸರ್ ಎಂಬುದು ಬೇಡಿಕೆ. ಈ ಪಟ್ಟಿಯನ್ನು ಕಾರ್ಮಿಕ ಸಮಸ್ಯೆಯೆಂದು ಓದುವುದು ವಾಡಿಕೆ. ಮಾನಸಿಕ ಆರೋಗ್ಯದ ಪಟ್ಟಿಯೆಂದೂ ಅದನ್ನು ಓದಬೇಕು. ಮನೆ ಬಾಡಿಗೆಗೆ ಹಣವಿಲ್ಲದೆ, ಮುಖಕ್ಕೆ ಮಾಸ್ಕ್ ಇಲ್ಲದೆ, ಸೋಂಕಿತರ ಬಾಗಿಲು ತಟ್ಟುವ ಹೆಂಗಸಿಗೆ ಧ್ಯಾನ ಕಲಿಸಿದರೆ ಏನು ಬಂತು? 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಸಲ್ಲಬೇಕಾದ ಗೌರವವೇ ಅದು. ಆಮೇಲೂ ಖಚಿತ ಗೌರವಧನ ಕೇಳಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬರುವುದು ತಪ್ಪಲಿಲ್ಲ.

ಯುವ ವೈದ್ಯರ ಕತೆಯೂ ಇದೇ ಜಾಡಿನದು. ದಾವಣಗೆರೆಯಲ್ಲಿ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು 16 ತಿಂಗಳ ಶಿಷ್ಯವೇತನ ಬಂದಿಲ್ಲವೆಂದು 2020ರಲ್ಲಿ, ಕೋವಿಡ್ ಡ್ಯೂಟಿಯ ನಡುವೆಯೇ, ಧರಣಿ ಕೂತರು. ಮರುವರ್ಷ ಏಪ್ರಿಲ್‌ನಲ್ಲಿ ನಡೆಯಬೇಕಿದ್ದ ನೀಟ್ ಪಿಜಿ ಪರೀಕ್ಷೆ ಸೆಪ್ಟೆಂಬರ್‌ಗೆ ಹೋಯಿತು, ಸೀಟು ಹಂಚಿಕೆ ಶುರುವಾದದ್ದು 2022ರ ಜನವರಿಯಲ್ಲಿ. ಅಷ್ಟೂ ತಿಂಗಳು ದೇಶದ ಬಹುತೇಕ ಬೋಧನಾ ಆಸ್ಪತ್ರೆಗಳಲ್ಲಿ ಮೊದಲ ವರ್ಷದ ತಂಡವೇ ಇರಲಿಲ್ಲ. ಮೂರು ತಂಡ ಹಂಚಿಕೊಳ್ಳಬೇಕಾದ ರಾತ್ರಿ ಪಾಳಿಗಳು ಎರಡು ತಂಡದ ಹೆಗಲೇರಿದವು. ನಿದ್ದೆಗೆಟ್ಟ ವೈದ್ಯರ ಒತ್ತಡಕ್ಕೆ ಇಲ್ಲಿ ಮನಸ್ಸಿನ ಆಳ ಕೆದಕಬೇಕಾಗಿಲ್ಲ, ಕ್ಯಾಲೆಂಡರ್ ನೋಡಿದರೆ ಸಾಕು.

ಇಂಗ್ಲೆಂಡಿನ ಒಂದು ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. ಆರೋಗ್ಯ ಸಿಬ್ಬಂದಿಗೆ ಬರೀ ಪ್ರಶ್ನಾವಳಿ ಕೊಟ್ಟಾಗ, ಆಘಾತದ ನಂತರ ಉಳಿಯುವ ತೀವ್ರ ಮಾನಸಿಕ ಕಾಯಿಲೆಯ ಲಕ್ಷಣ ಸುಮಾರು ಶೇ 25 ಮಂದಿಯಲ್ಲಿ ಕಂಡಿತು. ಎದುರು ಕೂರಿಸಿ ವಿವರವಾಗಿ ಸಂದರ್ಶಿಸಿ ರೋಗ ನಿರ್ಣಯ ಮಾಡಿದಾಗ ಅದು ಸುಮಾರು ಶೇ 8ಕ್ಕೆ ಇಳಿಯಿತು. 2023ರಲ್ಲಿ ಪ್ರಕಟವಾದ ಈ ಫಲಿತಾಂಶ ಎರಡು ವಿಷಯ ತಿಳಿಸುತ್ತದೆ. ಶೇ 8 ಸಣ್ಣ ಸಂಖ್ಯೆಯಲ್ಲ, ಅಷ್ಟು ಮಂದಿಗೆ ನಿಜವಾದ ಚಿಕಿತ್ಸೆ ಬೇಕು, ಬೇಗ ಬೇಕು. ಉಳಿದವರಿಗೆ ಆ ಕಾಯಿಲೆಯಿಲ್ಲ. ಸಹಿಸಲಾಗದ ಪರಿಸ್ಥಿತಿಯಲ್ಲಿ ಯಾರಿಗಾದರೂ ಆಗುವ ಸಂಕಟ ಅವರಲ್ಲಿ ಹೆಚ್ಚಿನವರದು. ಅಂಥವರಿಗೆ ಮೊದಲು ಬೇಕಾದದ್ದು ಮಾತ್ರೆಯಲ್ಲ. ರಜೆ, ಜೊತೆಗಾರರು, ಮಾತಿಗೆ ಬೆಲೆ ಕೊಡುವ ಮೇಲಧಿಕಾರಿ ಬೇಕು. ಹೊಸಬರನ್ನು ಅನುಭವಿಗಳ ಜೊತೆ ಜೋಡಿಯಾಗಿ ಪಾಳಿಗೆ ಹಾಕುವುದು, ಕಠಿಣ ವಾರ್ಡಿನಿಂದ ಹಗುರ ವಾರ್ಡಿಗೆ ಸರದಿಯಂತೆ ಬದಲಿಸುವುದು, ಸಾವು ಹೆಚ್ಚಾದ ದಿನ ಪಾಳಿ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರೂ ಕೂತು ಮಾತಾಡುವುದು, ಇವಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ಖಾಲಿ ಹುದ್ದೆ ತುಂಬಲು ಬೇಕು. ಆ ಖರ್ಚನ್ನು ತಪ್ಪಿಸಿಕೊಳ್ಳಲು ಸಮಾಲೋಚನೆಯನ್ನು ಮುಂದೆ ಮಾಡುವುದು ಅನ್ಯಾಯ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಲ್ಲಿ ಕೋವಿಡ್‌ಗೆ ಬಲಿಯಾದ ಆರೋಗ್ಯ ಸಿಬ್ಬಂದಿ 80 ಸಾವಿರದಿಂದ 1 ಲಕ್ಷ 80 ಸಾವಿರ. ಉಳಿದವರಲ್ಲಿ ಎಷ್ಟೋ ಮಂದಿ ಈಗಲೂ ಕೆಲಸದಲ್ಲಿದ್ದಾರೆ. ಸಹೋದ್ಯೋಗಿಯ ಹೆಸರಿದ್ದ ಡ್ಯೂಟಿ ಪಟ್ಟಿಯಲ್ಲಿ ಬೇರೆ ಹೆಸರು ಬರೆದು ಮುಂದುವರಿದಿದ್ದಾರೆ.

ಇದನ್ನು ಓದುತ್ತಿರುವವರಲ್ಲಿ ನರ್ಸ್‌ಗಳು, ಆಶಾಗಳು, ಆಂಬುಲೆನ್ಸ್ ಚಾಲಕರು, ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ, ಅವರ ಮನೆಯವರು ಇರಬಹುದು. ಅವರಿಗಾಗಿ ಒಂದೆರಡು ವಿಷಯ. ಹಳ್ಳಿಯ ಬಾಗಿಲಿಗೆ ಮಾನಸಿಕ ಚಿಕಿತ್ಸೆ ಒಯ್ಯಬಹುದೆಂದು 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು ಬೆಂಗಳೂರಿನ ನಿಮ್ಹಾನ್ಸ್. ಇಂದು ದೇಶದಲ್ಲಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆದದ್ದು ಅದರಿಂದಲೇ. ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಮನೋವೈದ್ಯರು ಸಿಗುತ್ತಾರೆ. ಅಷ್ಟು ದೂರ ಹೋಗಲಾಗದವರಿಗೆ, ಕೆಲಸ ಮಾಡುವ ಆಸ್ಪತ್ರೆಯಲ್ಲೇ ಹೇಳಿಕೊಳ್ಳಲು ಮುಜುಗರ ಪಡುವವರಿಗೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕಾಸು ಖರ್ಚಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. ನಿದ್ದೆ ಬಾರದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ, ವಾರ್ಡಿನ ಬಾಗಿಲಲ್ಲಿ ಎದೆ ಬಡಿತ ಏರಿದರೆ, ಬದುಕು ಬೇಡವೆನಿಸಿದರೆ ಪಾಳಿ ಮುಗಿಯುವವರೆಗೂ ಕಾಯದೆ ಆಗಲೇ ಆ ಸಂಖ್ಯೆಗೆ ಕರೆ ಮಾಡಬೇಕು. ಕರೆ ಮಾಡಲು ಹತ್ತು ನಿಮಿಷ ಬಿಡುವು ಕೊಡುವುದು ಮೇಲಧಿಕಾರಿಯ ಕರ್ತವ್ಯ.